ಅರ್ಧ ತಿರುವು

ಇಡೀ ಊರಿನ ತಕ್ಕಡಿಗಳು ಯಾರನ್ನು ಕಂಡರೆ ಗಡಗಡ ನಡುಗುತ್ತಿದ್ದವೋ, ಅಂಥ ಮನುಷ್ಯನನ್ನು ಒಂದು ಹಳೇ ಕಾರು ಮೂರು ವಾರದಿಂದ ನಡುಬೀದಿಯಲ್ಲಿ ನಿಲ್ಲಿಸಿ ಮಾನ ಕಳೆಯುತ್ತಿತ್ತು.

ತಕ್ಕಡಿ ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿದ್ದವರು. ತೂಕದ ಕಲ್ಲಿನ ತಳದಲ್ಲಿ ಕೊರೆದ ತೂತು, ಲೀಟರ್ ಪಾತ್ರೆಯ ಒಳಗೆ ಬಡಿದು ಎಬ್ಬಿಸಿದ ಉಬ್ಬು, ಬಟ್ಟೆ ಅಂಗಡಿಯ ಕುಳ್ಳ ಮೀಟರ್ ಕೋಲು, ಯಾವುದೂ ಅವರ ಕಣ್ಣು ತಪ್ಪಿಸಿದ್ದಿಲ್ಲ. ನಿವೃತ್ತಿಯಾಗಿ ಆರು ವರ್ಷವಾದರೂ ತರಕಾರಿಯವನು ಅವರು ಬಂದರೆ ಹೆದರಿ ಒಂದು ಬದನೆಕಾಯಿ ಹೆಚ್ಚಿಗೆ ಹಾಕುತ್ತಿದ್ದ. (ಹೆಚ್ಚಿಗೆ ಹಾಕುವುದೂ ತಪ್ಪು ತೂಕವೇ ಎಂದು ಅವರು ಅದನ್ನು ವಾಪಸ್ ಕೊಡುತ್ತಿದ್ದರು. ಆ ಬದನೆಕಾಯಿಗಾಗಿ ಹೆಂಡತಿಯೊಂದಿಗೆ ಆಗಿರುವ ಜಗಳಗಳಿಗೆ ಲೆಕ್ಕವಿಲ್ಲ.)

ಕಾರಿನ ಕಾಯಿಲೆ ಬಹಳ ವಿಚಿತ್ರವಾಗಿತ್ತು. ಸ್ಟಾರ್ಟ್ ಆಗುವುದೇ ಇಲ್ಲ ಎನ್ನುವಂತಿರಲಿಲ್ಲ. ಕೀಲಿ ತಿರುಗಿಸಿದ ಕೂಡಲೇ ಒಳ್ಳೆ ಮನೆತನದ ಸೊಸೆಯ ಹಾಗೆ ಎದ್ದು ಕೆಲಸಕ್ಕೆ ನಿಲ್ಲುತ್ತಿತ್ತು. ಸರಿಯಾಗಿ ಹತ್ತು ನಿಮಿಷ. ಆಮೇಲೆ ಒಂದು ಬಿಕ್ಕಳಿಕೆ, ಎರಡು ಬಿಕ್ಕಳಿಕೆ, ಮೂರನೆಯದಕ್ಕೆ ಕಣ್ಣು ಮುಚ್ಚಿಬಿಡುತ್ತಿತ್ತು. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಎದ್ದು ನಿಲ್ಲುತ್ತಿತ್ತು.

ಕಾರು ಅವರ ಹೆಂಡತಿಯದು. ಆಕೆ ಹೋಗಿ ನಾಲ್ಕು ತಿಂಗಳಾಗಿತ್ತು.

ಸಾಹೇಬರಿಗೂ ಲೈಸೆನ್ಸ್ ಇತ್ತು, ಆದರೆ ಓಡಿಸುತ್ತಿದ್ದುದು ಆಕೆಯೇ. ಸಾಹೇಬರು ಸ್ಟೇರಿಂಗ್ ಹಿಡಿದರೆ ಎದುರಿಗೆ ಬಂದ ಪ್ರತಿಯೊಬ್ಬನ ತಪ್ಪನ್ನೂ ಕಿಟಕಿ ಇಳಿಸಿ ವಿವರಿಸಿಯೇ ಮುಂದೆ ಹೋಗುತ್ತಿದ್ದರು. ಹೀಗಾಗಿ ಅವರನ್ನು ಪಕ್ಕದ ಸೀಟಿಗೆ ವರ್ಗ ಮಾಡಲಾಗಿತ್ತು. ಶನಿವಾರ ಮಾತ್ರ ಆ ಸೀಟೂ ಅವರದಲ್ಲ. ಅವತ್ತು ಆಕೆ ತಮ್ಮನ ಮನೆಯಲ್ಲಿದ್ದ ತಾಯಿಯನ್ನು ಕೂರಿಸಿಕೊಂಡು ಕೆರೆಯ ದಂಡೆಗೆ ಹೋಗುತ್ತಿದ್ದಳು. ಇಬ್ಬರೂ ಕಾರಿನಲ್ಲೇ ಕೂತು ಕಡಲೆಕಾಯಿ ಬಿಡಿಸಿ ತಿಂದು, ನೀರು ನೋಡಿ, ಕತ್ತಲಾಗುವ ಮುಂಚೆ ವಾಪಸ್ಸು.

"ಅಷ್ಟು ಹೊತ್ತು ಏನ್ ಮಾತಾಡ್ತೀರಿ ನೀವಿಬ್ರು?" ಎಂದು ಸಾಹೇಬರು ಕೇಳುತ್ತಿದ್ದರು.

"ಇನ್ನೇನ್ ರೀ, ನಿಮ್ಮ ವಿಷಯಾನೇ. ಬೇರೆ ಯಾವ ವಿಷಯಕ್ಕೂ ಅಷ್ಟು ಹೊತ್ತು ಬೇಕಾಗಲ್ಲ" ಎನ್ನುತ್ತಿದ್ದಳು ಆಕೆ.

ಆಸ್ಪತ್ರೆಯ ಮಂಚದ ಮೇಲೆ ಮಲಗಿ ಕೊನೆಗೆ ಆಕೆ ಕೇಳಿದ್ದೂ ಅದನ್ನೇ. "ಶನಿವಾರ ಅಮ್ಮನ್ನ ಕೆರೆ ಹತ್ರ ಕರ್ಕೊಂಡು ಹೋಗ್ತೀರಾ? ಟ್ಯಾಕ್ಸಿ ಹತ್ತಲ್ಲ ಅವಳು. ಆ ಸೀಟೇ ಬೇಕು ಅವಳಿಗೆ."

"ಹೋಗ್ತೀನಿ."

"ನಿಜವಾಗ್ಲೂ?"

"ಹೋಗ್ತೀನಿ ಅಂದ್ನಲ್ಲ."

"ಹಾಗಾದ್ರೆ ಒಂದು ಮಾತು. ಗಾಡಿ ತೆಗೆಯೋಕೆ ಮುಂಚೆ…"

"ಕ್ಲಚ್ ಒತ್ತಬೇಕು, ಬ್ರೇಕ್ ನೋಡ್ಬೇಕು, ಕನ್ನಡಿ ಸರಿ ಮಾಡ್ಕೋಬೇಕು. ನನಗೆ ಹೇಳಿಕೊಡ್ತೀಯಾ ನೀನು?" ಎಂದು ಸಾಹೇಬರು ಗದರಿದ್ದರು. ಆಕೆ ಅವರ ಮುಖ ನೋಡಿ ಸಣ್ಣಗೆ ನಕ್ಕು, ಹೇಳಬೇಕಾದ್ದನ್ನು ನುಂಗಿಕೊಂಡಳು. ಆಯಾಸ ಮಾಡಿಕೊಳ್ಳದಿರಲಿ ಎಂದು ತಾವು ಗದರಿದ್ದು ಎಂದು ಸಾಹೇಬರು ಆಮೇಲೆ ತಮಗೆ ತಾವೇ ಎಷ್ಟೋ ಸಲ ಹೇಳಿಕೊಂಡರು. ಸುಳ್ಳು. ಯಾರು ಏನು ಹೇಳಿಕೊಡಲು ಬಂದರೂ ಅವರು ಹಾಗೆಯೇ ಗದರುತ್ತಿದ್ದರು.

ಮೂರು ತಿಂಗಳು ಕೀಲಿ ಮುಟ್ಟಲು ಕೈ ಬರಲಿಲ್ಲ. ಆಮೇಲೊಂದು ದಿನ ಅತ್ತೆಯೇ ಫೋನ್ ಮಾಡಿದರು. ಎಂಬತ್ನಾಲ್ಕರ ಅತ್ತೆಗೂ ಸಾಹೇಬರಿಗೂ ಮೂವತ್ತೈದು ವರ್ಷದಿಂದ ಅಷ್ಟಕ್ಕಷ್ಟೆ. ಕಾರಣ ಇತ್ತು. ಸಾಹೇಬರು ಹೆಂಡತಿಯನ್ನು ಮೊದಲು ನೋಡಿದ್ದು ಮಾವನವರ ದಿನಸಿ ಅಂಗಡಿಯಲ್ಲಿ, ತಪಾಸಣೆಗೆಂದು ಹೋದಾಗ. ಹುಡುಗಿ ಮನಸ್ಸಿಗೆ ಹಿಡಿಸಿದಳು, ಎರಡು ಕಿಲೋದ ಕಲ್ಲು ಹಿಡಿಸಲಿಲ್ಲ. ಮೊದಲು ಕಲ್ಲಿಗೆ ನೋಟಿಸ್ ಕೊಟ್ಟು, ಆಮೇಲೆ ಹುಡುಗಿಯನ್ನು ಕೇಳಿದರು. "ಹೆಣ್ಣು ಕೇಳೋಕೆ ಬಂದೋರು ನೋಟಿಸ್ ಕೊಟ್ಟು ಹೋದ್ರು" ಎಂಬ ಮಾತನ್ನು ಅತ್ತೆ ಇವತ್ತಿಗೂ ಬಂದವರ ಮುಂದೆಲ್ಲ ಹೇಳುತ್ತಾರೆ.

ಫೋನಿನಲ್ಲಿ ಅತ್ತೆ ಹೆಚ್ಚೇನೂ ಹೇಳಲಿಲ್ಲ. "ಅಳಿಯಂದ್ರೇ, ಶನಿವಾರ ಬರ್ತೀರಿ ಅಂತ ಅವಳು ಹೇಳಿದ್ಲು" ಎಂದರು, ಅಷ್ಟೆ.

"ಬರ್ತೀನಿ ಅತ್ತೆ. ನಾಲ್ಕು ಗಂಟೆಗೆ ಗೇಟಿನ ಹತ್ರ ಇರಿ."

ಹಾಗೆ ಶುರುವಾಯಿತು ಈ ಸಂಕಟ. ಹೊಸ ಬ್ಯಾಟರಿ ಹಾಕಿಸಿಕೊಂಡು ಹೊರಟ ಸಾಹೇಬರು ಮೊದಲ ಶನಿವಾರ ಟೈಲರ್ ಅಂಗಡಿಯ ಮುಂದೆ ನಿಂತರು. ಎರಡನೇ ಶನಿವಾರವೂ ಟೈಲರ್ ಅಂಗಡಿಯ ಮುಂದೆಯೇ. ಮೂರನೇ ಶನಿವಾರ, ಹಟಕ್ಕೆ ಬಿದ್ದು ಬೇಗ ಹೊರಟರೂ, ಅದೇ ಟೈಲರ್ ಅಂಗಡಿ. ಈ ಟೈಲರನ ಅಳತೆ ಟೇಪು ಅರ್ಧ ಬೆರಳು ಗಿಡ್ಡವಾಗಿದೆ ಎಂದು ಹಿಂದೊಮ್ಮೆ ಸಾಹೇಬರೇ ಅದನ್ನು ಜಪ್ತಿ ಮಾಡಿದ್ದರು. ಈಗ ಅವನು ಪ್ರತಿ ಸಲವೂ ನಗು ತಡೆದುಕೊಂಡು ಒಂದು ಕುರ್ಚಿ ತಂದು ಹಾಕುತ್ತಿದ್ದ.

"ಕೂತ್ಕೊಳ್ಳಿ ಸಾಹೇಬ್ರೇ. ನಿಮ್ಮ ಗಾಡಿಗೆ ನನ್ನ ಅಂಗಡಿ ಕಂಡ್ರೆ ಏನೋ ಪ್ರೀತಿ. ಹೇಗೂ ಅರ್ಧ ಗಂಟೆ ಇದೆ, ಒಂದು ಶರ್ಟಿಗೆ ಅಳತೆ ಕೊಡ್ತೀರಾ? ಟೇಪು ಹೊಸದು."

ಅರ್ಧ ಗಂಟೆ ಕಾದು ಮತ್ತೆ ಹೊರಟರೆ ಇನ್ನೊಂದು ಹತ್ತು ನಿಮಿಷ. ದಾರಿಯಲ್ಲಿ ಇನ್ನೆಲ್ಲಿ ನಿಲ್ಲುತ್ತದೋ, ಎಂಬತ್ನಾಲ್ಕರ ಮುದುಕಿಯನ್ನು ಕೂರಿಸಿಕೊಂಡು ಏನು ಪಾಡು ಪಡಬೇಕೋ ಎಂದು ಸಾಹೇಬರು ಅಲ್ಲಿಂದಲೇ ಅತ್ತೆಗೆ ಫೋನ್ ಮಾಡುತ್ತಿದ್ದರು. "ಗಾಡಿ ಸರಿ ಇಲ್ಲ ಅತ್ತೆ."

"ಹೂಂ" ಎನ್ನುತ್ತಿದ್ದರು ಅತ್ತೆ. ಆ "ಹೂಂ" ಎಷ್ಟು ತೂಕದ್ದೆಂದು ತಕ್ಕಡಿ ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಅತ್ತೆ ಮೂರು ಶನಿವಾರವೂ ಒಳ್ಳೆ ಸೀರೆ ಉಟ್ಟು, ಕಡಲೆಕಾಯಿ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು ಎಂದು ಭಾವಮೈದುನ ಆಮೇಲೆ ಹೇಳಿದಾಗ ಅವರಿಗೆ ರಾತ್ರಿ ಊಟ ಸೇರಲಿಲ್ಲ.

ವಾರದ ಉಳಿದ ದಿನಗಳಲ್ಲಿ ಅವರು ಕಾರಿನ ಮಹಜರು ನಡೆಸಿದರು. ಒಂದು ನೋಟುಬುಕ್ಕಿನಲ್ಲಿ ಆರೋಪಿಗಳ ಹೆಸರು ಬರೆದುಕೊಂಡರು: ಪ್ಲಗ್ಗು, ಕಾಯಿಲ್ಲು, ಕಾರ್ಬ್ಯುರೇಟರು, ಪೆಟ್ರೋಲ್ ಪಂಪು, ಫಿಲ್ಟರು. ಒಬ್ಬೊಬ್ಬರನ್ನೇ ಬಿಚ್ಚಿಸಿ ವಿಚಾರಣೆ ಮಾಡಿಸಿದರು. ಪೆಟ್ರೋಲ್ ಟ್ಯಾಂಕನ್ನು ಮಾತ್ರ ಆರೋಪಿಗಳ ಪಟ್ಟಿಗೆ ಸೇರಿಸಲಿಲ್ಲ. ಎಂಟು ವರ್ಷದ ಹಿಂದೆ ಅದನ್ನು ಖುದ್ದು ತಾವೇ ಪರಿಶೀಲಿಸಿ ಭದ್ರ ಮಾಡಿದ್ದರಲ್ಲ. ಪಕ್ಕದ ಪುಟದಲ್ಲಿ ಅದರ ಹೆಸರಿನ ಮುಂದೆ "ಅನುಮಾನಕ್ಕೆ ಆಸ್ಪದವಿಲ್ಲ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ಗ್ಯಾರೇಜಿನ ಮೇಸ್ತ್ರಿಯ ತೊಂದರೆ ಇನ್ನೊಂದು ಥರ. ಟೈಲರ್ ಅಂಗಡಿಯಿಂದ ಹತ್ತು ನಿಮಿಷಕ್ಕಿದ್ದ ಅವನ ಗ್ಯಾರೇಜಿಗೆ ಬಂದರೆ ಕಾರು ನಿಲ್ಲುತ್ತಲೇ ಇರಲಿಲ್ಲ. ಅವನು ಮೊದಲು ಪೆಟ್ರೋಲ್ ಮುಚ್ಚಳ ತೆಗೆದು ಮೂಸಿ ನೋಡಿ, ಮುಚ್ಚಳವನ್ನು ಕಾರಿನ ತಲೆಯ ಮೇಲಿಟ್ಟು, ಬಾನೆಟ್ ಎತ್ತಿ ಸ್ಟಾರ್ಟ್ ಮಾಡುತ್ತಿದ್ದ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಒಂದು ಗಂಟೆ. ಇಂಜಿನ್ನು ಹಾಡು ಹೇಳಿಕೊಂಡು ನಿಂತಿರುತ್ತಿತ್ತು.

"ಸಾಹೇಬ್ರೇ, ಬೇಜಾರು ಮಾಡ್ಕೋಬೇಡಿ. ಗಾಡಿಗೇನೂ ಆಗಿಲ್ಲ. ಮೂರು ತಿಂಗಳು ನಿಂತಿತ್ತಲ್ಲ, ಅದಕ್ಕೂ ಮನಸ್ಸಿಗೆ ಬೇಜಾರಾಗಿರುತ್ತೆ."

"ಗಾಡಿಗೆ ಎಂಥಾ ಮನಸ್ಸಯ್ಯಾ?"

"ಅಕ್ಕೋರು ಓಡಿಸ್ತಿದ್ದ ಗಾಡಿ. ನಿಮ್ಮ ಕೈ ಅದಕ್ಕೆ ಒಗ್ಗಿಲ್ಲ" ಎಂದು ಮೇಸ್ತ್ರಿ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಹಾಕಿ ಕಳಿಸುತ್ತಿದ್ದ. ವಾಪಸ್ ಬರುವಾಗ ಹತ್ತು ನಿಮಿಷಕ್ಕೆ ಸರಿಯಾಗಿ ಮತ್ತೆ ಟೈಲರ್ ಅಂಗಡಿ. ಈ ಕಡೆಯಿಂದ ಹೋದರೂ ಅಲ್ಲೇ, ಆ ಕಡೆಯಿಂದ ಬಂದರೂ ಅಲ್ಲೇ. ಶರ್ಟಿಗೆ ಅಳತೆ ಕೊಟ್ಟೂ ಆಯಿತು.

ಮೇಸ್ತ್ರಿಯ ಮಾತನ್ನು ಸಾಹೇಬರು ನಕ್ಕು ತಳ್ಳಿಹಾಕಲಿಲ್ಲ. ಮನೆಯಲ್ಲಿ ಯಾವುದು ಅವರ ಕೈಗೆ ಒಗ್ಗಿತ್ತು? ಗ್ಯಾಸ್ ಒಲೆ ಒಗ್ಗಿರಲಿಲ್ಲ. ಹಾಲು ದಿನಾ ಉಕ್ಕುತ್ತಿತ್ತು. ಸ್ನಾನದ ಮನೆಯ ನಲ್ಲಿಯನ್ನು ಯಾವ ಕಡೆಗೆ ಎಷ್ಟು ಒತ್ತಿ ತಿರುಗಿಸಿದರೆ ತೊಟ್ಟಿಕ್ಕುವುದು ನಿಲ್ಲುತ್ತದೆಂದು ಆಕೆಗೆ ಮಾತ್ರ ಗೊತ್ತಿತ್ತು. ಮೂವತ್ತೈದು ವರ್ಷ ಎಲ್ಲ ತಮ್ಮ ಮೇಲ್ವಿಚಾರಣೆಯಲ್ಲಿ ನಡೆಯುತ್ತಿದೆ ಎಂದುಕೊಂಡಿದ್ದ ಮನೆಯಲ್ಲಿ ತಮಗೆ ಒಂದು ನಲ್ಲಿ ನಿಲ್ಲಿಸಲೂ ಬರುವುದಿಲ್ಲವಲ್ಲ ಎಂದು ಅವರಿಗೆ ಅಳು ಬಂತು.

ಬೇರೆ ಊರಿನಲ್ಲಿದ್ದ ಮಗಳು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಳು. "ಅಪ್ಪಾ, ಸಾಕು. ನಡುರೋಡಲ್ಲಿ ನಿಂತು ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಭಾನುವಾರ ಗುಜರಿಯವನು ಬರ್ತಾನೆ, ನಾನೇ ಹೇಳಿದೀನಿ. ಕೊಟ್ಟುಬಿಡು."

"ನಿಮ್ಮಮ್ಮನ ಗಾಡಿ ಕಣೇ ಅದು."

"ಅಮ್ಮನೇ ಇಲ್ಲ, ಅಪ್ಪಾ" ಎಂದಳು ಮಗಳು. ಸಾಹೇಬರು, "ಶನಿವಾರ ಒಂದು ದಿನ ಬಿಡು. ನಿಂತರೆ ಭಾನುವಾರ ಕೊಟ್ಬಿಡ್ತೀನಿ" ಎಂದರು.

ನಾಲ್ಕನೇ ಶನಿವಾರ ಅವರು ಗ್ಯಾರೇಜಿನಿಂದಲೇ ನೇರ ಹೊರಟರು. ಅಲ್ಲಿಂದ ಅತ್ತೆಯಿದ್ದ ಮನೆ ಹತ್ತಿರ. ಐದೇ ನಿಮಿಷಕ್ಕೆ ಗೇಟು ಮುಟ್ಟಿದರು. ಅತ್ತೆ ಕುರ್ಚಿಯಲ್ಲಿದ್ದರು, ಒಳ್ಳೆ ಸೀರೆ, ಕಡಲೆಕಾಯಿ ಪೊಟ್ಟಣ. ಕಾರು ಕಂಡಕೂಡಲೇ ಮುದುಕಿಯ ಮುಖ ಅರಳಿತು. ಡ್ರೈವರ್ ಸೀಟು ಕಂಡಾಗ ಒಂದು ಕ್ಷಣ ಬಾಡಿತು. ಸಾಹೇಬರು ಎರಡನ್ನೂ ನೋಡಿದರು.

"ಹತ್ತಿ ಅತ್ತೆ, ಇಂಜಿನ್ ಆಫ್ ಮಾಡಲ್ಲ. ಮಾಡಿದ್ರೆ ಏನಾಗುತ್ತೋ."

ಅತ್ತೆ ಹತ್ತಿ ಕೂತರು. ಸೀಟಿನ ಅಂಚನ್ನು ಒಮ್ಮೆ ಕೈಯಿಂದ ಸವರಿದರು. ಸಾಹೇಬರು ಕೆರೆಯ ದಾರಿ ಹಿಡಿದರು. ಆ ದಾರಿ ಟೈಲರ್ ಅಂಗಡಿಯ ಮುಂದೆಯೇ ಹೋಗಬೇಕು. ಇವತ್ತೊಂದು ದಿನ ದಾಟಿಬಿಡು ಮಾರಾಯ್ತಿ ಎಂದು ಸಾಹೇಬರು ಮನಸ್ಸಿನಲ್ಲೇ ಕಾರಿನ ಕಾಲು ಹಿಡಿದರು. ಒಂದು ಬಿಕ್ಕಳಿಕೆ. ಎರಡು ಬಿಕ್ಕಳಿಕೆ.

ಟೈಲರ್ ಕುರ್ಚಿ ತಂದು ಹಾಕಿದ. ಅತ್ತೆಯನ್ನು ನೋಡಿ ಒಳಗೆ ಹೋಗಿ ಇನ್ನೊಂದು ತಂದ.

"ಏನಾಯ್ತು?" ಎಂದರು ಅತ್ತೆ.

"ನಿಂತೋಯ್ತು."

"ಅಷ್ಟು ನನಗೂ ಗೊತ್ತಾಯ್ತು ಅಳಿಯಂದ್ರೇ. ಕಣ್ಣು ಮಂಜಾಗಿರಬಹುದು, ಹೋಗ್ತಿದೀವೋ ನಿಂತಿದೀವೋ ತಿಳಿಯುತ್ತೆ."

ಸಾಹೇಬರು ಇಳಿದು ಬಾನೆಟ್ ಎತ್ತಿದರು. ಪ್ಲಗ್ಗು ಅಲುಗಿಸಿದರು, ತಂತಿ ಎಳೆದರು, ಉಫ್ ಎಂದು ಊದಿದರು. ನಾಳೆ ಗುಜರಿಯವನು ಬರುತ್ತಾನೆ. ಆ ಸೀಟನ್ನು ಕಿತ್ತು ಎಲ್ಲೋ ಎಸೆಯುತ್ತಾನೆ. ಕೊಟ್ಟ ಒಂದೇ ಒಂದು ಮಾತನ್ನು ಉಳಿಸಿಕೊಳ್ಳಲು ಆಗಲಿಲ್ಲ.

ಕಿಟಕಿಯಿಂದ ಅತ್ತೆಯ ದನಿ ಬಂತು. "ಮುಂದೆ ಏನ್ ಮಾಡ್ತಿದೀರಿ? ಹಿಂದೆ ಹೋಗಲ್ವಾ?"

"ಇಂಜಿನ್ ಮುಂದೆ ಇರೋದು ಅತ್ತೆ."

"ಅವಳು ಹಿಂದೆ ಹೋಗ್ತಿದ್ಲು."

ಸಾಹೇಬರಿಗೆ ಅದು ಗೊತ್ತಿತ್ತು. ಹೊರಡುವಾಗೊಮ್ಮೆ, ಬಂದಮೇಲೊಮ್ಮೆ ಆಕೆ ಕಾರಿನ ಹಿಂದೆ ಹೋಗಿ ಬಗ್ಗುತ್ತಿದ್ದಳು. ಸಾಹೇಬರು ಬಾಗಿಲಲ್ಲಿ ನಿಂತು, "ಏನು, ಬಾಲ ಇದೆಯಾ ಅಂತ ನೋಡ್ತಿದೀಯಾ?" ಎಂದು ಹಾಸ್ಯ ಮಾಡುತ್ತಿದ್ದರು. "ಟೈರು ನೋಡ್ತಿದೀನಿ ರೀ" ಎನ್ನುತ್ತಿದ್ದಳು ಆಕೆ.

"ಅವಳು ಟೈರು ನೋಡ್ತಿದ್ಲು ಅತ್ತೆ."

"ಟೈರೂ ಇಲ್ಲ ಏನೂ ಇಲ್ಲ" ಎಂದ ಅತ್ತೆ ಕಡಲೆಕಾಯಿ ಪೊಟ್ಟಣ ಪಕ್ಕಕ್ಕಿಟ್ಟರು. "ನಿಮಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ಲು. ಹಾಕಿಸಿಕೊಂಡವಳೇ ಹೋದಳು. ಇನ್ನು ಯಾರಿಗೋಸ್ಕರ ಇಟ್ಕೊಳ್ಳಲಿ? ಪೆಟ್ರೋಲ್ ಮುಚ್ಚಳ ಅರ್ಧ ಸುತ್ತು ಸಡಿಲ ಮಾಡಿ, ಅಳಿಯಂದ್ರೇ."

ಸಾಹೇಬರು ಹಿಂದೆ ಹೋದರು. ಮುಚ್ಚಳದ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ, ಪಕ್ಕದಲ್ಲೇ ಕಾರಿನ ಮೈಮೇಲೆ ಇನ್ನೊಂದು. ಮುಂಚೆಯೂ ಕಂಡಿದ್ದರು, ಬೀದಿ ಮಕ್ಕಳ ಕಿತಾಪತಿ ಎಂದುಕೊಂಡಿದ್ದರು. ಈಗ ಬಗ್ಗಿ ನೋಡಿದರೆ ಅದು ಉಗುರುಬಣ್ಣ. ಆಕೆಯ ಉಗುರುಬಣ್ಣ. ಬಿಗಿ ಮಾಡಿದಾಗ ಎರಡೂ ಚುಕ್ಕೆ ಎದುರುಬದುರಾಗುವಂತೆ ಇಟ್ಟಿದ್ದಳು. ಸಾಹೇಬರು ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿದರು. ಒಳಗಿನಿಂದ "ಸ್ಸ್‌ಸ್" ಎಂದು ಉದ್ದವಾಗಿ ಗಾಳಿ ಎಳೆದುಕೊಂಡ ಸದ್ದು ಬಂತು. ಎಷ್ಟೋ ಹೊತ್ತು ಉಸಿರು ಕಟ್ಟಿ ಕೂತವರು ಕೊನೆಗೊಮ್ಮೆ ಉಸಿರೆಳೆದುಕೊಂಡ ಹಾಗಿತ್ತು.

ಆಗ ಅವರಿಗೆ ಎಲ್ಲ ನೆನಪಾಯಿತು. ಎಂಟು ವರ್ಷದ ಹಿಂದೆ ಕಾರಿನ ಹತ್ತಿರ ಪೆಟ್ರೋಲ್ ವಾಸನೆ ಬರುತ್ತಿದೆಯೆಂದು ಮೂಗು ತೂರಿಸಿ, ಮುಚ್ಚಳದಲ್ಲಿ ಗುಂಡುಸೂಜಿ ಗಾತ್ರದ ತೂತನ್ನು ಅವರೇ ಪತ್ತೆ ಹಚ್ಚಿದ್ದರು. ಪೆಟ್ರೋಲು ಆವಿಯಾಗಿ ಕಳ್ಳತನವಾಗುತ್ತಿದೆ! ತಯಾರು ಮಾಡಿದವರದೇ ಮೋಸ! ತೂತಿಗೆ ಅಂಟು ಮೆತ್ತಿ, ಸೈಕಲ್ ಟ್ಯೂಬಿನಿಂದ ರಬ್ಬರ್ ಬಳೆ ಕತ್ತರಿಸಿ ಕೂರಿಸಿ, ಗಾಳಿ ಕೂಡ ಆಡದಂತೆ ಭದ್ರ ಮಾಡಿ, ಮನೆಯಿಡೀ ಎದೆಯುಬ್ಬಿಸಿ ಓಡಾಡಿದ್ದರು. ಪೆಟ್ರೋಲು ಇಳಿದಷ್ಟೂ ಅದರ ಜಾಗಕ್ಕೆ ಗಾಳಿ ಹೋಗಲೆಂದೇ ಆ ತೂತು ಇತ್ತು ಎಂಬುದು ಅವರಿಗೆ ಹೊಳೆದಿರಲಿಲ್ಲ. ಗಾಳಿ ಹೋಗದಿದ್ದರೆ ಪೆಟ್ರೋಲು ಹೊರಗೆ ಬರುವುದಿಲ್ಲ. ಹತ್ತು ನಿಮಿಷಕ್ಕೆ ಇಂಜಿನ್ನು ಬಾಯಾರಿ ಸಾಯುತ್ತದೆ. ಗ್ಯಾರೇಜಿನಲ್ಲಿ ಮುಚ್ಚಳ ತೆಗೆದಿಟ್ಟಿರುತ್ತಿದ್ದರಿಂದ ಅಲ್ಲಿ ಏನೂ ಆಗುತ್ತಿರಲಿಲ್ಲ.

"ಆವಾಗಲೂ ಹೀಗೇ ನಡುದಾರೀಲಿ ನಿಂತಿತ್ತು" ಅತ್ತೆ ಹೇಳುತ್ತಿದ್ದರು. "ನೀರಿನ ಲಾರಿಯವನೊಬ್ಬ ಬಂದು ಮುಚ್ಚಳ ತಿರುಗಿಸಿ, ಯಾರಮ್ಮಾ ಇದಕ್ಕೆ ಅಂಟು ಹಾಕಿದ ಪುಣ್ಯಾತ್ಮ ಅಂದ. ನಾನು, ಇವತ್ತೇ ಹೋಗಿ ನಿನ್ನ ಗಂಡನಿಗೆ ಹೇಳು ಅಂದೆ. ಅದಕ್ಕೆ ಅವಳು, ಬೇಡಮ್ಮಾ, ಅವರು ಎಷ್ಟು ಖುಷಿಯಾಗಿದಾರೆ ಗೊತ್ತಾ? ಊರವರ ತಪ್ಪೆಲ್ಲ ಹಿಡಿದವರಿಗೆ ಅವರ ತಪ್ಪನ್ನ ನಾನು ಹೇಗೆ ತೋರಿಸಲಿ? ಅರ್ಧ ಸುತ್ತು ತಿರುಗಿಸೋದು ನನಗೇನು ಭಾರ ಅಂದಳು. ಹೊಸ ಮುಚ್ಚಳ ಹಾಕಿಸು ಅಂದ್ರೆ, ತಿಂಗಳಿಗೊಂದು ಸಲ ಮುಟ್ಟಿ ಮುಟ್ಟಿ ನೋಡ್ತಾರಮ್ಮಾ, ಗೊತ್ತಾಗುತ್ತೆ ಅಂತ."

ಸಾಹೇಬರು ಮುಚ್ಚಳವನ್ನು ಪೂರ್ತಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಇಲಾಖೆಯ ಮುದ್ರೆ ಒಡೆಯುವುದು ಶಿಕ್ಷಾರ್ಹ ಅಪರಾಧ ಎಂದು ಅವರು ಎಷ್ಟು ಅಂಗಡಿಯವರಿಗೆ ಓದಿ ಹೇಳಿರಲಿಲ್ಲ! ತಮ್ಮ ಮನೆಯಲ್ಲೇ ಒಬ್ಬಳು ಎಂಟು ವರ್ಷ, ಹೋಗುವಾಗ ಬಿಚ್ಚಿ ಬಂದಾಗ ಬಿಗಿದು, ಸಿಕ್ಕಿಬೀಳದೆ ಪಾರಾಗಿದ್ದಳು. ಕೊನೆಗೆ ಹೇಳಲು ಹೊರಟಾಗ ಬಾಯಿ ಮುಚ್ಚಿಸಿದ್ದರು. ಸಾಹೇಬರು ಅಲ್ಲೇ, ಜನ ಓಡಾಡುವ ಬೀದಿಯಲ್ಲಿ, ಕಾರಿನ ಡಿಕ್ಕಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತರು. ಸ್ಮಶಾನದಲ್ಲೂ ಅಷ್ಟು ಅತ್ತಿರಲಿಲ್ಲ.

ಟೈಲರ್ ಗಾಬರಿಯಾಗಿ ಓಡಿಬಂದ. "ಸಾಹೇಬ್ರೇ, ಏನಾಯ್ತು? ತಪ್ಪು ಎಲ್ಲಿದೆ ಅಂತ ಸಿಕ್ತಾ?"

ಸಾಹೇಬರು ಮುಚ್ಚಳವನ್ನು ಅವನ ಕೈಗೆ ಕೊಟ್ಟರು. ಅದರ ಒಳಬದಿಯಲ್ಲಿ ಮೊಳೆಯಿಂದ ಕೆತ್ತಿದ ಅಕ್ಷರಗಳಿದ್ದವು. ಟೈಲರ್ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ. "ಪರಿಶೀಲಿಸಿದೆ. ಸರಿ ಇದೆ." ಕೆಳಗೆ ತಾರೀಖು, ರುಜು. ಅವನು ರುಜುವನ್ನೇ ಬಹಳ ಹೊತ್ತು ನೋಡಿದ.

"ಈ ರುಜು ಎಲ್ಲೋ ನೋಡಿದೀನಲ್ಲ ಸಾಹೇಬ್ರೇ. ನನ್ನ ಟೇಪಿನ ನೋಟಿಸಿನ ಮೇಲೆ…"

"ಅದೇ ಕಣಯ್ಯಾ. ಕೊಡಿಲ್ಲಿ" ಎಂದು ಸಾಹೇಬರು ಕಣ್ಣೊರೆಸಿಕೊಂಡರು.

ಕಾರು ಸ್ಟಾರ್ಟ್ ಆಯಿತು. ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು, ನಿಲ್ಲಲಿಲ್ಲ. ಕೆರೆಯ ದಂಡೆಯಲ್ಲಿ ಅತ್ತೆ ಪೊಟ್ಟಣ ಬಿಚ್ಚಿ ಅರ್ಧ ಕಡಲೆಕಾಯಿ ಅಳಿಯನ ಕಡೆ ಸರಿಸಿದರು. ಸರಿಯಾಗಿ ಅರ್ಧ ಇದೆಯೇ ಎಂದು ಸಾಹೇಬರು ನೋಡಲಿಲ್ಲ. ನೀರಿನ ಮೇಲೆ ಬಿಸಿಲು ಇಳಿಯುವವರೆಗೂ ಇಬ್ಬರೂ ಮಾತಾಡಿದರು. ಇನ್ಯಾವ ವಿಷಯ, ಅವಳ ವಿಷಯವೇ.

ಭಾನುವಾರ ಬಂದ ಗುಜರಿಯವನನ್ನು ಸಾಹೇಬರು ಕಾಫಿ ಕೊಟ್ಟು ಕಳಿಸಿದರು. ಸೋಮವಾರ ಮೇಸ್ತ್ರಿ ಮುಚ್ಚಳ ನೋಡಿ ತಲೆ ಚಚ್ಚಿಕೊಂಡ. "ಒಂದು ಸೂಜಿ ಸಾಕು ಸಾಹೇಬ್ರೇ. ಅಂಟು ಚುಚ್ಚಿ ತೂತು ಬಿಡಿಸ್ತೀನಿ, ಒಂದು ನಿಮಿಷದ ಕೆಲಸ."

"ಮುಟ್ಟಬೇಡ" ಎಂದರು ಸಾಹೇಬರು.

ಮುಂದಿನ ಶನಿವಾರ ಕೆರೆಯಿಂದ ಬಂದು ಅತ್ತೆಯನ್ನು ಗೇಟಿನ ಬಳಿ ಇಳಿಸಿ, ಒಳಗೆ ಹೋಗಿ ಭಾವಮೈದುನನನ್ನು ಮಾತಾಡಿಸುವ ಮುಂಚೆ, ಅವರು ಕಾರಿನ ಹಿಂದೆ ಹೋಗಿ ಮುಚ್ಚಳ ಬಿಗಿ ಮಾಡಿದರು. ಕೆಂಪು ಚುಕ್ಕೆಗಳು ಎದುರುಬದುರಾದವು. ಹೊರಡುವಾಗ ಮತ್ತೆ ಹಿಂದೆ ಹೋಗಿ ಬಗ್ಗಿದರು. ವಯಸ್ಸಾದ ಸೊಂಟ, ಏಳಲು ಸ್ವಲ್ಪ ಹೊತ್ತು ಹಿಡಿಯಿತು.

ಗೇಟಿನ ಕುರ್ಚಿಯಿಂದ ಅತ್ತೆ ಕೂಗಿದರು. "ಏನು ಅಳಿಯಂದ್ರೇ, ಬಾಲ ಇದೆಯಾ ಅಂತ ನೋಡ್ತಿದೀರಾ?"

ಸಾಹೇಬರ ಕೈ ಇನ್ನೂ ಮುಚ್ಚಳದ ಮೇಲೇ ಇತ್ತು.

"ಇಲ್ಲ ಅತ್ತೆ" ಎಂದರು. "ಟೈರು ನೋಡ್ತಿದೀನಿ."